ನೆಟ್ ಇಲ್ಲವೆಂದೇ ತಿಳಿದು ಕೋಡಿಂಗ್ ಕಲಿಯಿರಿ

ಜೂನ್ ಬಂತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಿಂದ ನನಗೆ ಬರುವ ಪ್ರಶ್ನೆಗಳ ಧಾಟಿಯೇ ಬದಲಾಗುತ್ತದೆ. ಬೇಸಿಗೆಯಲ್ಲಿ ‘ಯಾವ ಭಾಷೆ ಕಲಿಯಲಿ, ಯಾವ ಲ್ಯಾಪ್‌ಟಾಪ್ ಕೊಳ್ಳಲಿ’ ಎಂದು ಕೇಳುತ್ತಿದ್ದವರು, ಮಳೆ ಹಿಡಿದ ಮೇಲೆ ‘ಮರ ಬಿದ್ದು ಲೈನ್ ಹೋಗಿದೆ, ವಿಡಿಯೊ ಅರ್ಧಕ್ಕೆ ನಿಂತಿದೆ’ ಎನ್ನುತ್ತಾರೆ. ಕೋಡಿಂಗ್ ಕಲಿಯುವ ಹೊಸಬರಿಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಹಗಲು ರಾತ್ರಿ ನೆಟ್ ಇರುತ್ತದೆ ಎಂದು ನಂಬಿಕೊಂಡೇ ಹೊರಡುತ್ತವೆ. ನಮ್ಮ ಕಡೆಯವರು ನೆಟ್ ಇಲ್ಲವೆಂದೇ ತಿಳಿದು ಸಿದ್ಧತೆ ಮಾಡಿಕೊಳ್ಳುವುದು ಒಳ್ಳೆಯದು. ಇದ್ದರೆ ಲಾಭ.

ಯಂತ್ರದ ಮಾತು ಬೇಗ ಮುಗಿಸುತ್ತೇನೆ. ಅಣ್ಣನೋ ಅಕ್ಕನೋ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪ್ ಸಾಕು. ಹಾರ್ಡ್‌ಡಿಸ್ಕ್ ತೆಗೆಸಿ ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸಿ, ಸತ್ತ ಬ್ಯಾಟರಿಯನ್ನು ಬದಲಿಸಿ. ಘಟ್ಟದ ಮೇಲೆ ಪ್ರೊಸೆಸರ್‌ಗಿಂತ ಬ್ಯಾಟರಿ ಮುಖ್ಯ. ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ರ ಷರತ್ತಿಗೆ ಒಗ್ಗದ ಯಂತ್ರವಾದರೆ ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿಕೊಳ್ಳಿ. 4 ಜಿಬಿ ರ‍್ಯಾಮ್‌ನಲ್ಲೂ ನಡೆಯುತ್ತದೆ.

ಮೊದಲ ಭಾಷೆಯಾಗಿ ನಾನು ಹೇಳುವುದು ಪೈಥಾನ್. ವಿಂಡೋಸ್‌ನಲ್ಲಿ ಅದನ್ನು ಅಳವಡಿಸುವಾಗ ಮೊದಲ ಪರದೆಯ ಕೆಳಗೆ ‘ಪಾತ್’ಗೆ (ಆಜ್ಞೆಗಳನ್ನು ಕಂಪ್ಯೂಟರ್ ಹುಡುಕುವ ಜಾಗಗಳ ಪಟ್ಟಿಗೆ) ಸೇರಿಸುವ ಚೌಕವೊಂದಿರುತ್ತದೆ. ಅದಕ್ಕೆ ಟಿಕ್ ಹಾಕದಿದ್ದರೆ ಕಮಾಂಡ್ ಪರದೆ ಪೈಥಾನ್‌ನ ಗುರುತೇ ಇಲ್ಲವೆನ್ನುತ್ತದೆ. ಎಷ್ಟೋ ಜನರ ಉತ್ಸಾಹ ಇಳಿಯುವುದು ಇಲ್ಲಿಯೇ. ಪೈಥಾನ್ ಜೊತೆಗೇ ಬರುವ ಐಡಲ್ ಎಂಬ ಸರಳ ಎಡಿಟರ್ ಆರಂಭಕ್ಕೆ ಸಾಕು. ವಿಎಸ್ ಕೋಡ್ ಎಂಬ ದೊಡ್ಡ ಎಡಿಟರ್ ಒಳ್ಳೆಯದೇ, ಆದರೆ ಅದರ ಬಣ್ಣ, ಫಾಂಟ್, ಎಕ್ಸ್‌ಟೆನ್ಶನ್‌ಗಳನ್ನು ಜೋಡಿಸುತ್ತ ವಾರ ಕಳೆಯುವುದನ್ನು ನಾನು ಕಲಿಕೆಯೆಂದು ಒಪ್ಪುವುದಿಲ್ಲ.

ಊರಿನಲ್ಲಿ ಒಳ್ಳೆಯ ವೈಫೈ ಸಿಕ್ಕ ದಿನ, ಮಳೆಗಾಲಕ್ಕೆ ಹಪ್ಪಳ ಮಾಡಿಟ್ಟುಕೊಳ್ಳುವಂತೆ, ಬೇಕಾದ್ದನ್ನೆಲ್ಲ ಇಳಿಸಿಟ್ಟುಕೊಳ್ಳಿ. ಪೈಥಾನ್‌ನ ಅಧಿಕೃತ ಕೈಪಿಡಿ ಇಡಿಯಾಗಿ ಡೌನ್‌ಲೋಡ್‌ಗೆ ಸಿಗುತ್ತದೆ. ಝೀಲ್ ಎಂಬ ಉಚಿತ ತಂತ್ರಾಂಶ ಹತ್ತಾರು ಭಾಷೆಗಳ ಕೈಪಿಡಿಗಳನ್ನು ನೆಟ್ ಇಲ್ಲದೆಯೇ ಹುಡುಕಿಕೊಡುತ್ತದೆ. ‘ಪಿಪ್ ಡೌನ್‌ಲೋಡ್’ ಆಜ್ಞೆಯಿಂದ ಪ್ಯಾಕೇಜುಗಳನ್ನು (ಬೇರೆಯವರು ಬರೆದಿಟ್ಟ ಸಿದ್ಧ ಕೋಡನ್ನು) ಪೆನ್‌ಡ್ರೈವ್‌ಗೆ ತುಂಬಿಕೊಂಡು ಮನೆಯಲ್ಲಿ ಅಳವಡಿಸಬಹುದು. ಆದರೆ ಎರಡೂ ಕಡೆಯ ಪೈಥಾನ್ ಆವೃತ್ತಿ, ಆಪರೇಟಿಂಗ್ ಸಿಸ್ಟಮ್ ಒಂದೇ ಆಗಿರಲಿ.

ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಎಂದರೆ, ಆ ಕೋಡನ್ನು ನೆಟ್‌ನಲ್ಲಿಡುವ ತಾಣ ಗಿಟ್‌ಹಬ್ ಎಂದೇ ತಿಳಿದವರು ಬಹಳ. ಲಿನಕ್ಸ್‌ನ ಜನಕ ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಬರೆದ ಗಿಟ್‌ಗೆ ನೆಟ್ ಬೇಕೇ ಇಲ್ಲ. ಪ್ರತಿ ಕಮಿಟ್ (ನೀವು ಉಳಿಸಿದ ಒಂದೊಂದು ಹಂತ) ನಿಮ್ಮ ಡಿಸ್ಕಿನಲ್ಲೇ ದಾಖಲಾಗುತ್ತದೆ. ವಾರಕ್ಕೊಮ್ಮೆ ಪೇಟೆಗೆ ಹೋದಾಗ ಅವನ್ನು ಗಿಟ್‌ಹಬ್‌ಗೆ ಕಳಿಸಿದರೆ, ಅಂದರೆ ಪುಷ್ ಮಾಡಿದರಾಯಿತು.

ಇನ್ನು ಅಭ್ಯಾಸ. ಪಠ್ಯದ ಲೆಕ್ಕಗಳನ್ನು ಬಿಟ್ಟು ಮನೆಯ ಲೆಕ್ಕ ಹಿಡಿಯಿರಿ. ಅಡಿಕೆ ಮಾರಿದ ಚೀಟಿಗಳನ್ನು ತೆಗೆದು ಚಾಲಿ, ರಾಶಿ, ಬೆಟ್ಟೆ, ಬಿಳೆಗೋಟು ಎಂಬ ಬಗೆಗಳಾಗಿ ವಿಂಗಡಿಸಿ, ತೂಕ ಮತ್ತು ಕ್ವಿಂಟಲ್ ದರವನ್ನು ಕಡತದಲ್ಲಿ ಬರೆದು, ವರ್ಷದ ಸರಾಸರಿ ದರ ತೆಗೆಯಿರಿ. ದರಗಳನ್ನಷ್ಟೇ ಕೂಡಿಸಿ ಭಾಗಿಸಿದರೆ ತಪ್ಪು ಬರುತ್ತದೆ, ತೂಕವನ್ನೂ ಗಣಿಸಬೇಕು. ಇದನ್ನು ಅಪ್ಪ ಒಂದೇ ನೋಟಕ್ಕೆ ಹಿಡಿಯುತ್ತಾರೆ, ಕಂಪ್ಯೂಟರ್ ಹಿಡಿಯುವುದಿಲ್ಲ.

ಹೆಸರುಗಳನ್ನು ಕನ್ನಡದಲ್ಲೇ ಬರೆಯಿರಿ. ಅಲ್ಲಿ ಒಳ್ಳೆಯ ಪಾಠವಿದೆ. ‘ಶಿರಸಿ’ಯ ಉದ್ದ ಎಷ್ಟೆಂದು ಪೈಥಾನ್‌ನ ‘ಲೆನ್’ ಅನ್ನು ಕೇಳಿದರೆ 3 ಅಲ್ಲ, 5 ಎನ್ನುತ್ತದೆ. ಶ, ಸ ಎರಡಕ್ಕೂ ಹತ್ತಿದ ಗುಡಿಸು ಯುನಿಕೋಡ್‌ನಲ್ಲಿ (ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಕೊಡುವ ಪದ್ಧತಿಯಲ್ಲಿ) ಬೇರೆಯೇ ಸಂಕೇತ. ಒತ್ತಕ್ಷರವಿರುವ ‘ಯಲ್ಲಾಪುರ’ 8 ಆಗುತ್ತದೆ. ಅದೇ ‘ಶಿರಸಿ’ಯನ್ನು ಆ ಸಂಕೇತಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಉಳಿಸಿದರೆ 15 ಬೈಟು, ಸಂಕೇತಕ್ಕೆ ಮೂರರಂತೆ. ವಿಂಡೋಸ್‌ನಲ್ಲಿ ಕನ್ನಡವನ್ನು ಕಡತಕ್ಕೆ ಬರೆಯುವಾಗ ಎನ್‌ಕೋಡಿಂಗ್ ದೋಷ ಬಂದರೆ ಗಾಬರಿ ಬೇಡ. ಕಡತ ತೆರೆಯುವ ಸಾಲಿನಲ್ಲಿ ಯುಟಿಎಫ್-8 ಎಂದು ನಮೂದಿಸಿ.

ಕಲಿಯುವ ಮೂಲಗಳಲ್ಲಿ ಕನ್ನಡ ಮಾಧ್ಯಮದವರಿಗೆ ನಾನು ಮೊದಲು ತೋರಿಸುವುದು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್. ಅದರ ಹಲವು ವಿಡಿಯೊ ಪಾಠಗಳಿಗೆ ಕನ್ನಡ ಧ್ವನಿಯಿದೆ. ಗಂಭೀರವಾಗಿ ಮುಂದುವರಿಯುವವರಿಗೆ ಆನ್‌ಲೈನ್ ಕೋರ್ಸುಗಳ ತಾಣವಾದ ಎನ್‌ಪಿಟಿಇಎಲ್‌ನಲ್ಲಿ ಪ್ರಾಧ್ಯಾಪಕ ಮಾಧವನ್ ಮುಕುಂದ್ ಅವರ ಪೈಥಾನ್ ಕೋರ್ಸ್. ಕಲಿಕೆ ಉಚಿತ, ಪರೀಕ್ಷೆಗೆ ಮಾತ್ರ ಶುಲ್ಕ. ವೆಬ್ ಕಡೆಗೆ ಒಲವಿದ್ದರೆ ಫ್ರೀಕೋಡ್‌ಕ್ಯಾಂಪ್, ಎಂಡಿಎನ್ ಎಂಬ ಉಚಿತ ತಾಣಗಳಿವೆ. ಇವುಗಳಲ್ಲಿ ಒಂದನ್ನು ಮುಗಿಸುವ ತನಕ ಇನ್ನೊಂದನ್ನು ತೆರೆಯದಿದ್ದರೆ ಒಳ್ಳೆಯದು.

ಪೈಥಾನ್ ದೋಷದ ಸಂದೇಶ ತೋರಿಸಿದಾಗ ಅದನ್ನು ಕೊನೆಯ ಸಾಲಿನಿಂದ ಮೇಲಕ್ಕೆ ಓದಿ. ಏನಾಯಿತೆಂಬುದು ಕೊನೆಯಲ್ಲಿ, ಎಲ್ಲಾಯಿತೆಂಬುದು ಅದರ ಮೇಲೆ ಇರುತ್ತದೆ. ಎಐ ಸಹಾಯಕನನ್ನು ಕೇಳುವುದು ಆಮೇಲೆ. ಸಿಗ್ನಲ್ ಹೋದ ದಿನ ಅದು ಹೇಗೂ ಸಿಗುವುದಿಲ್ಲ. ನನ್ನನ್ನು ಕೇಳುವುದಾದರೆ ವಾಟ್ಸ್‌ಆ್ಯಪ್‌ನಲ್ಲಿ ಪರದೆಯ ಓರೆ ಫೋಟೊ ಬೇಡ. ದೋಷದ ಅಕ್ಷರಗಳನ್ನೇ ನಕಲು ಮಾಡಿ, ನೀವು ಬರೆದ ಸಾಲುಗಳ ಜೊತೆ ಕಳಿಸಿ.