ಡಮ್ಮಿ: ಚಿತ್ರಪುಸ್ತಕದ ಕಚ್ಚಾ ಪ್ರತಿ

ಮಕ್ಕಳ ಚಿತ್ರಪುಸ್ತಕ ಮಾಡುವವರು ‘ಡಮ್ಮಿ’ ಎಂದು ಕರೆಯುವುದು, ಅಚ್ಚಿಗೆ ಹೋಗುವ ಮೊದಲು ಕೈಯಲ್ಲೇ ಮಡಿಸಿ ಮಾಡಿಕೊಂಡ ಕಚ್ಚಾ ಪುಸ್ತಕವನ್ನು. ಅದರಲ್ಲಿ ಬಣ್ಣ ಇರುವುದಿಲ್ಲ. ಪೆನ್ಸಿಲ್ ಗೀಟುಗಳಿರುತ್ತವೆ, ಕಥೆಯ ಸಾಲುಗಳನ್ನು ಕತ್ತರಿಸಿ ಅಂಟಿಸಿರುತ್ತಾರೆ. ಪುಟಗಳ ಎಣಿಕೆ ಮತ್ತು ತಿರುವುವ ಕ್ರಮ ಮಾತ್ರ ಅಚ್ಚಾಗುವ ಪುಸ್ತಕದ್ದೇ.

ಸ್ಟೋರಿಬೋರ್ಡ್ ಬೇರೆ. ಅದು ಎಲ್ಲ ಪುಟಗಳನ್ನೂ ಪುಟ್ಟ ಚೌಕಗಳಲ್ಲಿ ಒಂದೇ ಹಾಳೆಯ ಮೇಲೆ ತೋರಿಸುತ್ತದೆ. ಒಂದೇ ಅಳತೆಯ ದೃಶ್ಯ ಸತತ ಐದು ಪುಟ ಬಂದಿದ್ದರೆ ಅಲ್ಲೇ ಕಣ್ಣಿಗೆ ಬೀಳುತ್ತದೆ. ಆದರೆ ಅದನ್ನು ತಿರುವಿ ಓದಲಾಗದು.

ಡಮ್ಮಿ ಮಾಡುವುದು ಸುಲಭ. ಎ4 ಅಳತೆಯ 8 ಹಾಳೆಗಳನ್ನು ಜೋಡಿಸಿ, ಅರ್ಧಕ್ಕೆ ಮಡಿಸಿ, ಮಡಿಕೆಯ ಮೇಲೆ ಪಿನ್ ಹೊಡೆದರೆ 32 ಪುಟ. ದೊಡ್ಡ ಹಾಳೆಯ ಎರಡೂ ಬದಿ ಅಚ್ಚು ಹಾಕಿ ಮಡಿಸಿದಾಗ 8 ಅಥವಾ 16 ಪುಟಗಳ ಕಟ್ಟು ಸಿಗುವುದರಿಂದ ಚಿತ್ರಪುಸ್ತಕಗಳು ಹೆಚ್ಚಾಗಿ 24 ಇಲ್ಲವೇ 32 ಪುಟಕ್ಕೆ ನಿಲ್ಲುತ್ತವೆ. ಮೊದಲ 3 ಪುಟ ಶೀರ್ಷಿಕೆ, ಹಕ್ಕುಸ್ವಾಮ್ಯ, ಅರ್ಪಣೆಗೆ ಹೋದರೆ, 4-5ರಿಂದ 30-31ರವರೆಗೆ ಎದುರುಬದುರು ಪುಟಗಳ 14 ಜೋಡಿಗಳು, ಅಂದರೆ 14 ಸ್ಪ್ರೆಡ್‌ಗಳು, ಕಥೆಗೆ ಸಿಗುತ್ತವೆ. ಕೊನೆಗೆ ಒಂದು ಒಂಟಿ ಪುಟ.

ಇನ್ನು ಮುಂದಿನದು ಬರಹಗಾರರು, ಕಲಾವಿದರು ಇಬ್ಬರೂ ಸೇರಿ ಮಾಡುವ ಕೆಲಸ. ಹಸ್ತಪ್ರತಿಯಲ್ಲಿ ಹೀಗಿದೆ ಎನ್ನಿ: ‘ಕೆಂಪು ಲಂಗ ತೊಟ್ಟ ಮೀನಾ ಮಳೆಯಲ್ಲಿ ನೆನೆಯುತ್ತಾ ಬಾಗಿಲ ಬಳಿ ಅಜ್ಜಿಗಾಗಿ ಕಾಯುತ್ತಿದ್ದಳು.’ ಲಂಗ, ಮಳೆ, ಬಾಗಿಲು ಮೂರೂ ಚಿತ್ರದಲ್ಲಿ ಕಾಣುತ್ತವೆ. ಡಮ್ಮಿಯಲ್ಲಿ ಉಳಿಯಬೇಕಾದ್ದು ಇಷ್ಟೇ: ‘ಅಜ್ಜಿ ಇನ್ನೂ ಬಂದಿಲ್ಲ.’ ಅಷ್ಟು ಚೆಂದದ ವಾಕ್ಯ ಹೊಡೆದುಹಾಕಲು ಬರೆದವರಿಗೆ ಸಂಕಟವಾಗುವುದು ಸಹಜ. ಆದರೂ ಹೊಡೆದುಹಾಕಬೇಕು. ಕಂಡದ್ದನ್ನೇ ಮತ್ತೆ ಓದಿ ಹೇಳಿದರೆ ಮಗುವಿನ ಕಣ್ಣಿಗೆ ಕೆಲಸವೇ ಉಳಿಯುವುದಿಲ್ಲ.

ಇದಕ್ಕೆ ತದ್ವಿರುದ್ಧವಾದ ಸಂದರ್ಭವೂ ಉಂಟು. ‘ನಾನು ಅಮ್ಮನಿಗೆ ತುಂಬಾ ಸಹಾಯ ಮಾಡಿದೆ’ ಎಂದು ಸಾಲು ಹೇಳುವಾಗ ಚಿತ್ರದಲ್ಲಿ ಅಡುಗೆಮನೆ ತುಂಬ ಹಿಟ್ಟು ಚೆಲ್ಲಿರಬೇಕು. ಇಂಥ ಕಡೆ ಬರಹಗಾರರು ಆವರಣದಲ್ಲಿ ಒಂದು ಸಾಲಿನ ಸೂಚನೆ ಬರೆಯಲೇಬೇಕು, ಇಲ್ಲದಿದ್ದರೆ ಕಲಾವಿದರಿಗೆ ತಮಾಷೆ ತಿಳಿಯದು. ಉಳಿದ ಕಡೆ ಸೂಚನೆ ಬೇಡ. ಜಡೆ ಎಷ್ಟು ಉದ್ದ, ನಾಯಿಯ ಬಣ್ಣ ಯಾವುದು ಎಂದು ಪುಟಪುಟಕ್ಕೂ ಬರೆದು ಕೊಟ್ಟರೆ ಕಲಾವಿದರು, ಹೇಳಿದ್ದನ್ನು ಬಿಡಿಸಿಕೊಡುವ ಕೈಯಷ್ಟೇ ಆಗುತ್ತಾರೆ. ಇಬ್ಬರ ನಡುವೆ ಸಂಪಾದಕರು ನಿಲ್ಲುವುದು ಈ ಎಳೆದಾಟ ಬಿಡಿಸಲಿಕ್ಕೇ.

ಪುಟ ತಿರುವನ್ನು ಡಮ್ಮಿ ಇಲ್ಲದೆ ತೂಗಿ ನೋಡಲಾಗುವುದಿಲ್ಲ. ‘ಪೆಟ್ಟಿಗೆಯೊಳಗೆ ಏನಿತ್ತು?’ ಎಂಬ ಪ್ರಶ್ನೆ ಬಲಪುಟದ ಕೊನೆಯಲ್ಲಿರಬೇಕು, ಉತ್ತರ ತಿರುವಿದ ಮೇಲೆ ಸಿಗಬೇಕು. ಪ್ರಶ್ನೆ ಎಡಪುಟಕ್ಕೆ ಬಿದ್ದರೆ ಓದುವ ಮೊದಲೇ ಮಗು ಎದುರು ಪುಟದಲ್ಲಿ ಬೆಕ್ಕಿನಮರಿಯನ್ನು ನೋಡಿಬಿಟ್ಟಿರುತ್ತದೆ. ಆಗ ಕಥೆಗೆ ಒಂದು ಪುಟ ಸೇರಿಸಬೇಕು, ಇಲ್ಲವೇ ತೆಗೆಯಬೇಕು.

ಡಮ್ಮಿಯಲ್ಲಿ ಸಿಕ್ಕಿಬೀಳುವ ಸಣ್ಣ ತಪ್ಪುಗಳು ಬಹಳ. ಮುಖ ನಡುವಿನ ಮಡಿಕೆಯೊಳಗೆ ಸಿಕ್ಕಿ ಮೂಗು ಮಾಯವಾಗುತ್ತದೆ. ಎಡ ಹೆಗಲಿನ ಚೀಲ ಮುಂದಿನ ಪುಟದಲ್ಲಿ ಬಲಕ್ಕೆ ಹೋಗಿರುತ್ತದೆ. ಚಿತ್ರ ಪುಟ ತುಂಬಿ, ನಾಲ್ಕು ಸಾಲು ಅಕ್ಷರಕ್ಕೆ ಜಾಗವೇ ಇರುವುದಿಲ್ಲ. ಆದ್ದರಿಂದ ಗೀಟು ಹಾಕುವ ಮೊದಲೇ ಅಕ್ಷರಗಳನ್ನು ನಿಜವಾದ ಗಾತ್ರದಲ್ಲಿ ಅಂಟಿಸಿಕೊಳ್ಳಬೇಕು, ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಷ್ಟು ಅಂತರ ಬಿಟ್ಟು. ಅಂಚಿನವರೆಗೆ ಬರುವ ಚಿತ್ರವನ್ನು ಕತ್ತರಿಸುವ ಗೆರೆಯಿಂದ 3 ಮಿ.ಮೀ. ಆಚೆಗೂ ಎಳೆಯುವುದು ರೂಢಿ.

ಕಥೆ ಗೊತ್ತಿಲ್ಲದ ಒಬ್ಬರ ಕೈಗೆ ಡಮ್ಮಿ ಕೊಟ್ಟು ಗಟ್ಟಿಯಾಗಿ ಓದಿಸಿ. ಅವರು ಎಲ್ಲಿ ತಡವರಿಸಿದರೋ, ಎಲ್ಲಿ ಎರಡು ಪುಟ ಹಿಂದಕ್ಕೆ ಹೋದರೋ ಅಲ್ಲಿ ಗುರುತು ಹಾಕಿಕೊಳ್ಳಿ. ತಿದ್ದಿದ ಮೇಲೆ, ತಾರೀಕು ಹಾಕಿದ ಒಂದೊಂದು ಪ್ರತಿ ಇಬ್ಬರ ಬಳಿಯೂ ಇರಲಿ. ಈ ಹಂತದಲ್ಲಿ ಒಂದು ಪುಟ ಬದಲಾಯಿಸಲು ರಬ್ಬರು ಸಾಕು. ಬಣ್ಣ ಹಾಕಿದ ಮೇಲೆ ಬರಹಗಾರರು ಮಳೆಯನ್ನು ಬಿಸಿಲು ಮಾಡಿದರೆ ಕಲಾವಿದರು ಆ ಸ್ಪ್ರೆಡ್ ಅನ್ನು ಪೂರ್ತಿ ಹೊಸದಾಗಿ ಬಿಡಿಸಬೇಕಾಗುತ್ತದೆ.