ಕೆಂಪು ಬಳಿದ ಕೈಪಂಪು

ಬಾಂಗ್ಲಾದೇಶದ ಹಳ್ಳಿಯಲ್ಲಿ ಒಂದು ಕೈಪಂಪು. ಅದರ ಮೂತಿಗೆ ಕೆಂಪು ಬಣ್ಣ. ನೀರೇನೋ ತಿಳಿಯಾಗಿದೆ, ವಾಸನೆಯಿಲ್ಲ, ರುಚಿ ಕೆಟ್ಟಿಲ್ಲ. ಆದರೂ ಕುಡಿಯುವ ಹಾಗಿಲ್ಲ. ಬಟ್ಟೆ ಒಗೆಯಲಿಕ್ಕಷ್ಟೇ.

ಇಂಥ ಪಂಪುಗಳು ಬಂದದ್ದೇ ಜೀವ ಉಳಿಸಲು. ಮೊದಲು ಜನ ಕೆರೆ, ಹೊಳೆಯ ನೀರು ಕುಡಿಯುತ್ತಿದ್ದರು. ವಾಂತಿಭೇದಿಗೆ ಮಕ್ಕಳು ಸಾಯುತ್ತಿದ್ದರು. 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ಸರ್ಕಾರ ಊರೂರಲ್ಲಿ ಕೊಳವೆಬಾವಿ ಹಾಕಿಸಿತು. ಮಣ್ಣಲ್ಲಿ ಸೋಸಿ ಬಂದ ನೀರಿನಲ್ಲಿ ರೋಗಾಣು ಕಡಿಮೆ, ಅಲ್ವಾ? ಲೆಕ್ಕ ಸರಿಯಾಗಿಯೇ ಇತ್ತು. ಜನರಿಗೂ ಹಿಡಿಸಿತು. ಸ್ವಂತ ದುಡ್ಡಲ್ಲೇ ಅಂಗಳದಲ್ಲಿ ಪಂಪು ಹಾಕಿಸಿಕೊಂಡವರೇ ಆಮೇಲೆ ಜಾಸ್ತಿಯಾದರು.

ಆದರೆ ಅಲ್ಲಿನ ನೆಲ ಹಿಮಾಲಯದಿಂದ ನದಿಗಳು ಹೊತ್ತು ತಂದ ಹೂಳು. ಅದರ ಕಣಗಳ ಮೇಲಿನ ಕಬ್ಬಿಣದ ತುಕ್ಕಿಗೆ ಆರ್ಸೆನಿಕ್, ಅಂದರೆ ಹಳಬರ ಮಾತಲ್ಲಿ ಪಾಷಾಣ, ಅಂಟಿಕೊಂಡಿರುತ್ತದೆ. ಗಾಳಿಯಾಡದ ಆಳದಲ್ಲಿ ಸೂಕ್ಷ್ಮಜೀವಿಗಳು ಆ ತುಕ್ಕನ್ನು ಕರಗಿಸಿದಾಗ ಪಾಷಾಣವೂ ನೀರಿಗಿಳಿಯುತ್ತದೆ. ಕುದಿಸಿದರೂ ಹೋಗುವುದಿಲ್ಲ. ನೀರು ಆವಿಯಾದಷ್ಟೂ ವಿಷ ಗಟ್ಟಿಯಾಗುತ್ತದೆ.

ಒಂದೆರಡು ದಿನ ಕುಡಿದರೆ ಏನೂ ಕಾಣಿಸದು. ವರ್ಷಗಟ್ಟಲೆ ಕುಡಿದ ಮೇಲೆ ಎದೆ, ಬೆನ್ನಿನ ಮೇಲೆ ಧೂಳಿಗೆ ಮಳೆಹನಿ ಬಿದ್ದಂಥ ಚುಕ್ಕೆಗಳು. ಅಂಗೈ, ಅಂಗಾಲಲ್ಲಿ ಗಟ್ಟಿ ಗಂಟುಗಳು. ಮುಂದೆ ಚರ್ಮ, ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರ್. ಬಾವಿಗಳಲ್ಲಿ ಪಾಷಾಣವಿದೆ ಅನ್ನುವುದು ಖಚಿತವಾದದ್ದು 1993ರಲ್ಲಿ.

ಈಜಿಪ್ಟಿನಲ್ಲೂ ಹೀಗೇ ಒಂದು ಎಡವಟ್ಟು ಆಗಿತ್ತು. 1950ರ ದಶಕದಿಂದ 80ರ ದಶಕದವರೆಗೆ, ಬಸವನಹುಳುವಿನ ಮೂಲಕ ಹರಡುವ ಜಂತುರೋಗವೊಂದಕ್ಕೆ ಊರಿಗೆ ಊರೇ ಇಂಜೆಕ್ಷನ್ ಕೊಟ್ಟರು. ಸರಿಯಾಗಿ ಶುಚಿಮಾಡದ ಸೂಜಿಯ ಜೊತೆ ಹೆಪಟೈಟಿಸ್ ಸಿ ವೈರಸ್ಸೂ ಮೈಯಿಂದ ಮೈಗೆ ಹೋಯಿತು. ಅಲ್ಲಿ ಒಂದು ಸಬೂಬಾದರೂ ಇದೆ: ಆ ವೈರಸ್ ಪತ್ತೆಯಾದದ್ದೇ 1989ರಲ್ಲಿ. ಪಾಷಾಣ ವಿಷ ಅನ್ನುವುದು ಯಾರಿಗೆ ಗೊತ್ತಿರಲಿಲ್ಲ? ಶುದ್ಧ ನೀರು ಅಂದರೆ ಕ್ರಿಮಿಯಿಲ್ಲದ ನೀರು ಅಂದುಕೊಂಡಿದ್ದರು, ಹಾಗಾಗಿ ಅದನ್ನು ಹುಡುಕಲೇ ಇಲ್ಲ.

ಕೊನೆಗೆ ಸುಮಾರು 50 ಲಕ್ಷ ಕೊಳವೆಬಾವಿಗಳ ನೀರು ಪರೀಕ್ಷಿಸಿದರು. ಲೀಟರಿಗೆ 50 ಮೈಕ್ರೋಗ್ರಾಂ ದಾಟಿದ್ದಕ್ಕೆ ಕೆಂಪು, ಉಳಿದದ್ದಕ್ಕೆ ಹಸಿರು ಬಳಿದರು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 10, ಹಾಗಾಗಿ ಹಸಿರನ್ನೂ ಸುಮ್ನೆ ನಂಬುವಂತಿಲ್ಲ. ಕೆಂಪು ಬಿದ್ದ ಮನೆಯವರು ಕೊಡ ಹಿಡಿದು ಎಲ್ಲಿಗೆ ಹೋಗಬೇಕು? ಹತ್ತಿರದಲ್ಲಿ ಹಸಿರು ಪಂಪಿದ್ದರೆ ಸರಿ. ಇಲ್ಲದಿದ್ದರೆ ಕಣ್ಣಿಗೆ ಬೀಳುವುದು ಅದೇ ಹಳೆಯ ಕೆರೆ.