ಚೌಕಿಯಿಲ್ಲದ ರಂಗಸ್ಥಳ: ಮುಂಬಯಿ ಕನ್ನಡಿಗರ ಗುರುತು ಮತ್ತು ಜಾಲತಾಣಗಳ ಮೂರು ದಶಕ

ಹೊರನಾಡಿಗೆ ಬಂದ ಮನುಷ್ಯ ಒಂದಕ್ಕಿಂತ ಹೆಚ್ಚು ಗುರುತುಗಳನ್ನು ಹೊತ್ತು ಬದುಕುವುದು ಮೊಬೈಲ್ ಫೋನಿನ ಜೊತೆಗೆ ಹುಟ್ಟಿದ ರೂಢಿಯಲ್ಲ. ಕರಾವಳಿಯಿಂದ ಮುಂಬಯಿಗೆ ಬಂದು ಹೋಟೆಲುಗಳಲ್ಲಿ ದುಡಿದ ತಲೆಮಾರು ಗಿರಾಕಿಗಳೊಡನೆ ಹಿಂದಿ, ಮರಾಠಿ ಆಡುತ್ತಿತ್ತು. ಖೋಲಿಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಕುಂದಾಪುರದ ಕನ್ನಡವನ್ನೋ ಮಾತನಾಡುತ್ತಿತ್ತು. ಕೆಲಸ ಮುಗಿಸಿ ರಾತ್ರಿ ಶಾಲೆಯ ಬೆಂಚಿನಲ್ಲಿ ಕುಳಿತಾಗ ಪಠ್ಯಪುಸ್ತಕದ ಕನ್ನಡ ಕಲಿಯುತ್ತಿತ್ತು. ಊರಿಗೆ ಹೋಗುವ ಮನಿಆರ್ಡರ್ ಫಾರಮಿನಲ್ಲಿ ನಾಲ್ಕು ಸಾಲು ಬರೆಯಲು ಬಿಟ್ಟಿದ್ದ ಚಿಕ್ಕ ಜಾಗದಲ್ಲಿ ಇದೇ ಮನುಷ್ಯ ಇನ್ನೊಬ್ಬನಾಗಿ ಕಾಣಿಸುತ್ತಿದ್ದ. ತಾನು ಕ್ಷೇಮ, ಧಣಿಗಳು ಒಳ್ಳೆಯವರು, ತಂಗಿಯ ಮದುವೆಗೆ ಬರುತ್ತೇನೆ ಎಂದಷ್ಟೇ ಅಲ್ಲಿರುತ್ತಿತ್ತು. ಜ್ವರದ ಸುದ್ದಿ ಇರುತ್ತಿರಲಿಲ್ಲ, ಹೋಟೆಲಿನ ಮೇಜುಗಳ ನಡುವೆ ಮಲಗಿ ಕಳೆದ ರಾತ್ರಿಗಳ ಸುದ್ದಿಯೂ ಇರುತ್ತಿರಲಿಲ್ಲ. ಅದನ್ನು ಯಾರೂ ಸುಳ್ಳು ಎಂದು ಎಣಿಸುತ್ತಿರಲಿಲ್ಲ.

ಈ ಬದುಕಿಗೆ ಸಂಘಸಂಸ್ಥೆಗಳು ಮತ್ತೊಂದು ನೆಲೆ ಒದಗಿಸಿದವು. 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರ ಮೈಸೂರು ಅಸೋಸಿಯೇಶನ್, 1933ರ ಕರ್ನಾಟಕ ಸಂಘ ಮೊದಲಾದ ಕಡೆಗಳಲ್ಲಿ, ವಾರವಿಡೀ ಬೇರೆಯವರ ಭಾಷೆಯಲ್ಲಿ ಬದುಕಿದ ಜನ ಒಂದು ಸಂಜೆಯ ಮಟ್ಟಿಗಾದರೂ ನಾಟಕದ ಪಾತ್ರಧಾರಿಯಾಗಿ, ಭಾಷಣಕಾರನಾಗಿ, ಕಾರ್ಯದರ್ಶಿಯಾಗಿ ನಿಲ್ಲಲು ಸಾಧ್ಯವಾಯಿತು. ಎಲ್ಲಿ ಯಾವ ಗುರುತನ್ನು ತೋರಿಸಬೇಕು, ಎಲ್ಲಿ ಮರೆಸಬೇಕು ಎಂಬ ವಿವೇಚನೆ ಕೆಲವೊಮ್ಮೆ ಜೀವರಕ್ಷಣೆಯ ಪ್ರಶ್ನೆಯೂ ಆಗಿತ್ತು. 1960ರ ದಶಕದ ಉತ್ತರಾರ್ಧದಲ್ಲಿ ದಕ್ಷಿಣ ಭಾರತೀಯರ ವಿರುದ್ಧ ಚಳವಳಿ ನಡೆದಾಗ, ವಿಶೇಷವಾಗಿ ಗಡಿ ವಿವಾದದ ಹೆಸರಿನಲ್ಲಿ 1969ರ ಫೆಬ್ರವರಿಯಲ್ಲಿ ಗಲಭೆಯಾದಾಗ, ಕನ್ನಡಿಗರ ಹೋಟೆಲುಗಳು ಕಲ್ಲೇಟು ತಿಂದವು. ಅಂಥ ದಿನಗಳಲ್ಲಿ ತನ್ನ ಮಾತಿನ ಧಾಟಿಯನ್ನು ಬದಲಿಸಿಕೊಂಡು ಲೋಕಲ್ ರೈಲು ಹತ್ತಿದವನ ತನ್ನತನ ಅದರಿಂದ ಕುಂದಲಿಲ್ಲ, ಉಳಿದುಕೊಂಡಿತು.

ಸಮಾಜಶಾಸ್ತ್ರಜ್ಞ ಎರ್ವಿಂಗ್ ಗಾಫ್ಮನ್ 1950ರ ದಶಕದಲ್ಲಿ ಮಂಡಿಸಿದ ವಿಚಾರ ಇದನ್ನೇ ಹೇಳುತ್ತದೆ. ಅವರ ಪ್ರಕಾರ ಮನುಷ್ಯ ಎದುರಿಗಿರುವವರನ್ನು ನೋಡಿಕೊಂಡು ತನ್ನನ್ನು ಪ್ರಸ್ತುತಪಡಿಸಿಕೊಳ್ಳುತ್ತಾನೆ; ಅದಕ್ಕೆ ಒಂದು ಮುಂಭಾಗವಿರುತ್ತದೆ, ಜನರ ಕಣ್ಣಿಗೆ ಬೀಳದ ಒಂದು ಹಿಂಭಾಗವೂ ಇರುತ್ತದೆ. ಯಕ್ಷಗಾನ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರಂಗಸ್ಥಳಕ್ಕೆ ಎಷ್ಟು ಮರ್ಯಾದೆಯಿದೆಯೋ, ವೇಷಧಾರಿಗಳು ಸಜ್ಜಾಗುವ ಮರೆಯ ಜಾಗವಾದ ಚೌಕಿಗೂ ಅಷ್ಟೇ ಇದೆ. ಬಣ್ಣ ಹಚ್ಚಿಕೊಳ್ಳಲು, ವೇಷ ಕಳಚಿ ಬೆವರು ಒರೆಸಿಕೊಳ್ಳಲು, ಮುಂದಿನ ಪ್ರವೇಶದ ಅರ್ಥವನ್ನು ಮನಸ್ಸಿನಲ್ಲೇ ಹೊಂದಿಸಿಕೊಳ್ಳಲು ಆ ಜಾಗ ಬೇಕೇ ಬೇಕು. ಕಳೆದ ಮೂರು ದಶಕಗಳಲ್ಲಿ ನಮ್ಮ ಚೌಕಿ ಹಂತಹಂತವಾಗಿ ಕಿರಿದಾಗುತ್ತ ಬಂದಿದೆ ಎಂಬುದು ಈ ಲೇಖನದ ಮುಖ್ಯ ಮಾತು. ಜನ ಏಕಾಏಕಿ ಪ್ರದರ್ಶನಪ್ರಿಯರಾದುದರಿಂದ ಇದು ಆಗಲಿಲ್ಲ. ಕೆಲವು ಕಂಪೆನಿಗಳು ನಿರ್ದಿಷ್ಟ ವರ್ಷಗಳಲ್ಲಿ ಕೈಗೊಂಡ ನಿರ್ದಿಷ್ಟ ತೀರ್ಮಾನಗಳಿಂದ ಆಯಿತು.

ಮುಂಬಯಿಯಲ್ಲೇ ಕೇಂದ್ರ ಕಚೇರಿ ಹೊಂದಿದ್ದ ವಿದೇಶ ಸಂಚಾರ ನಿಗಮ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆ ಆರಂಭಿಸಿತು. ಮೊದಲ ವರ್ಷಗಳ ಜಾಲ ಮನುಷ್ಯನಿಗೆ ಹೆಸರು ಮರೆಸಿಕೊಳ್ಳುವ ಅವಕಾಶ ಕೊಟ್ಟಿತ್ತು. ಸೈಬರ್ ಕೆಫೆಯ ಪ್ಲೈವುಡ್ ಮರೆಯಲ್ಲಿ ಕುಳಿತ ಹುಡುಗ ತನ್ನ ವಯಸ್ಸು, ಊರು, ಜಾತಿ ಯಾವುದನ್ನೂ ಹೇಳದೆ ಜಗತ್ತಿನ ಯಾವುದೋ ಮೂಲೆಯವರೊಂದಿಗೆ ಹರಟಬಹುದಾಗಿತ್ತು. ಅಮೆರಿಕದ ಎಂ.ಐ.ಟಿ. ವಿಶ್ವವಿದ್ಯಾಲಯದ ಸಂಶೋಧಕಿ ಶೆರ್ರಿ ಟರ್ಕಲ್ ಅವರು ಅದೇ ಕಾಲದಲ್ಲಿ ಅಧ್ಯಯನ ನಡೆಸಿ, ಹಲವು ಹೆಸರುಗಳಲ್ಲಿ ಬದುಕುವುದರಿಂದ ಮನುಷ್ಯ ತನ್ನೊಳಗಿನ ಹಲವು ಮುಖಗಳನ್ನು ಪರೀಕ್ಷಿಸಿಕೊಳ್ಳುತ್ತಾನೆ ಎಂದು ಗುರುತಿಸಿದರು. ಆದರೆ ಇದಕ್ಕೆ ನೇರ ವಿರುದ್ಧವಾದ ಒಂದು ಪದ್ಧತಿಯೂ ಅದೇ ದಶಕದಲ್ಲಿ, ಇದೇ ಮುಂಬಯಿಯಲ್ಲಿ ಶಾದಿ ಡಾಟ್ ಕಾಮ್‌ನಂಥ ವಿವಾಹ ಜಾಲತಾಣದ ರೂಪದಲ್ಲಿ ತಲೆಯೆತ್ತಿತು. ನನ್ನ ದೃಷ್ಟಿಯಲ್ಲಿ ಬಹುಪಾಲು ಭಾರತೀಯರ ಮೊದಲ ಡಿಜಿಟಲ್ ಆತ್ಮಚಿತ್ರ ಮೂಡಿದ್ದು ಅಲ್ಲಿಯೇ. ಜಾತಿ, ಉಪಜಾತಿ, ಮಾತೃಭಾಷೆ, ಗೋತ್ರ, ಮೈಬಣ್ಣ, ಸಂಬಳ ಎಂದು ಕಾಲಂಗಳು ಸಾಲಾಗಿದ್ದವು. ತಾಯಿಯ ಕಡೆಯಿಂದ ಬರುವ ‘ಬಳಿ’ ಎಂಬ ಕುಲದ ಲೆಕ್ಕ ಹಿಡಿಯುವ ಅಳಿಯಸಂತಾನದ ಕುಟುಂಬಗಳು ಗೋತ್ರ ಎಂಬ ಕಾಲಮಿನಲ್ಲಿ ಏನು ತುಂಬಬೇಕೆಂದು ಯೋಚಿಸಬೇಕಾಗಿತ್ತು. ತನ್ನನ್ನು ಬೇರೊಬ್ಬರು ಹಾಕಿಟ್ಟ ಕಾಲಂಗಳಿಗೆ ಹೊಂದಿಸಿ ಹೇಳಿಕೊಳ್ಳುವ ಅಭ್ಯಾಸ ಅಲ್ಲಿಂದ ಬಂತು.

2004ರ ಜನವರಿಯಲ್ಲಿ ಬಂದ ಗೂಗಲ್‌ನ ಸಾಮಾಜಿಕ ಜಾಲತಾಣ ಆರ್ಕುಟ್ ಆ ಅಭ್ಯಾಸವನ್ನು ಮದುವೆಯ ಆಚೆಗೆ ವಿಸ್ತರಿಸಿತು. ಅಲ್ಲಿ ಒಬ್ಬರ ಪುಟದಲ್ಲಿ ಬರೆದ ‘ಸ್ಕ್ರ್ಯಾಪ್’ ಇತರರಿಗೂ ಕಾಣುತ್ತಿತ್ತು; ಊರು, ಕಾಲೇಜು, ಜಾತಿ, ಮೆಚ್ಚಿನ ನಟ ಎಂದು ಸಾವಿರಾರು ಬಳಗಗಳಿದ್ದವು; ಯಾವ ಬಳಗ ಸೇರಿದ್ದೀರಿ ಎಂಬುದೇ ನೀವು ಯಾರು ಎಂಬುದಕ್ಕೆ ಉತ್ತರವಾಗುತ್ತಿತ್ತು. ಆ ಕಾಲದ ಒಂದು ಪ್ರಕರಣವನ್ನು ಪುಣೆ, ಮುಂಬಯಿಗಳ ಕನ್ನಡಿಗರು ಮರೆಯಬಾರದು. 2007ರಲ್ಲಿ ಆರ್ಕುಟ್‌ನಲ್ಲಿ ಶಿವಾಜಿ ಮಹಾರಾಜರ ಬಗ್ಗೆ ಯಾರೋ ಹಾಕಿದ ಅವಹೇಳನಕಾರಿ ಚಿತ್ರಕ್ಕೆ ಸಂಬಂಧಿಸಿ ಪುಣೆ ಪೊಲೀಸರು ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರನ್ನು ಬಂಧಿಸಿದರು. ಇಂಟರ್‌ನೆಟ್ ಸಂಪರ್ಕ ಒದಗಿಸಿದ ಕಂಪೆನಿ, ಜಾಲದಲ್ಲಿ ಸಂಪರ್ಕವನ್ನು ಗುರುತಿಸುವ ಅಂಕಿಗಳ ಸಾಲಾದ ಐ.ಪಿ. ವಿಳಾಸವನ್ನು ತಪ್ಪಾಗಿ ಅವರ ಹೆಸರಿಗೆ ಜೋಡಿಸಿ ಕೊಟ್ಟಿತ್ತು. ಅವರು ನಿರಪರಾಧಿ ಎಂದು ತಿಳಿಯುವ ಹೊತ್ತಿಗೆ ಸುಮಾರು 50 ದಿನ ಸೆರೆಯಲ್ಲಿ ಕಳೆದಿದ್ದರು. ಆ ಮನುಷ್ಯನನ್ನು ಬಲ್ಲವರು, ಅವನ ಸ್ವಭಾವ, ಅವನ ಮಾತು ಯಾವುದಕ್ಕೂ ಅಲ್ಲಿ ಸಾಕ್ಷಿಯ ಬೆಲೆ ಇರಲಿಲ್ಲ. ಅಂಕಿಗಳ ಒಂದು ಸಾಲು ಅವನು ಯಾರೆಂದು ನಿರ್ಧರಿಸಿಬಿಟ್ಟಿತ್ತು.

ಆರ್ಕುಟ್ 2014ರ ಸೆಪ್ಟೆಂಬರ್‌ನಲ್ಲಿ ಮುಚ್ಚಿತು. ಅಷ್ಟರೊಳಗೆ ಅದರ ಜಾಗವನ್ನು ಫೇಸ್‌ಬುಕ್ ಹಿಡಿದಾಗಿತ್ತು, ಮತ್ತು ಚೌಕಿಯ ವಿಷಯದಲ್ಲಿ ನಿರ್ಣಾಯಕ ಬದಲಾವಣೆಗಳು ಆದದ್ದು ಅಲ್ಲಿಯೇ. ಮೊದಲನೆಯದಾಗಿ, ನಿಜ ಜೀವನದಲ್ಲಿ ಬಳಸುವ ಹೆಸರಿನಲ್ಲೇ ಖಾತೆ ಇರಬೇಕೆಂದು ಅದು ನಿಯಮ ಮಾಡಿತು. 2006ರ ಸೆಪ್ಟೆಂಬರ್‌ನಲ್ಲಿ ‘ನ್ಯೂಸ್ ಫೀಡ್’ ಬಂತು. ಅಲ್ಲಿಯವರೆಗೆ ಒಬ್ಬರ ಪುಟಕ್ಕೆ ಹೋಗಿ ನೋಡಿದರೆ ಮಾತ್ರ ತಿಳಿಯುತ್ತಿದ್ದ ಸಂಗತಿಗಳು ಅಂದಿನಿಂದ ಎಲ್ಲ ಪರಿಚಿತರ ಕಣ್ಣೆದುರಿಗೆ ತಾವಾಗಿಯೇ ಬಂದು ಬೀಳತೊಡಗಿದವು. 2009ರ ಫೆಬ್ರವರಿಯಲ್ಲಿ ‘ಲೈಕ್’ ಗುಂಡಿ ಸೇರಿಕೊಂಡಿತು. ಮೆಚ್ಚುಗೆ ಮುಖದಲ್ಲಿ, ಮಾತಿನಲ್ಲಿ, ಮೌನದಲ್ಲಿ ವ್ಯಕ್ತವಾಗುವ ಬದಲು ಎಣಿಕೆಗೆ ಸಿಗುವ ವಸ್ತುವಾಯಿತು. ಇವೆಲ್ಲ ಸೇರಿದಾಗ, ಸೋದರಮಾವ, ಕಚೇರಿಯ ಮೇಲಧಿಕಾರಿ, ಕಾಲೇಜಿನ ಗೆಳತಿ, ಸಂಘದ ಅಧ್ಯಕ್ಷರು, ಊರಿನ ದೇವಸ್ಥಾನದ ಮೊಕ್ತೇಸರರು ಎಲ್ಲರೂ ಒಂದೇ ಸಭೆಯಲ್ಲಿ ಪ್ರೇಕ್ಷಕರಾಗಿ ಕುಳಿತಂತಾಯಿತು. ಆಲಿಸ್ ಮಾರ್ವಿಕ್ ಮತ್ತು ಡಾನಾ ಬಾಯ್ಡ್ ಎಂಬ ಸಂಶೋಧಕಿಯರು ಇದನ್ನು ಸಂದರ್ಭಗಳ ಕುಸಿತ ಎಂದು 2011ರಲ್ಲಿ ವಿವರಿಸಿದರು. ಅಂಥ ಸಭೆಯೆದುರು ನಿಂತವನು ಯಾರಿಗೂ ಬೇಸರವಾಗದ ಸಪ್ಪೆ ಮಾತಾಡುತ್ತಾನೆ, ಇಲ್ಲವೇ ಗಮನ ಸೆಳೆಯುವಷ್ಟು ಏರುದನಿಯಲ್ಲಿ ಮಾತಾಡುತ್ತಾನೆ. ನಿಧಾನವಾಗಿ ಅದೇ ಅವನ ಸ್ವಭಾವವೂ ಆಗಿಬಿಡಬಹುದು.

ಈ ಕುಸಿತಕ್ಕೆ ಎಷ್ಟು ಬೆಲೆ ತೆರಬೇಕಾಗಬಹುದೆಂದು 2012ರ ನವೆಂಬರ್‌ನಲ್ಲಿ ಮುಂಬಯಿಯ ಉತ್ತರಕ್ಕಿರುವ ಪಾಲ್‌ಘರ್‌ನಲ್ಲಿ ಕಂಡಿತು. ಶಿವಸೇನೆಯ ಸ್ಥಾಪಕ ಬಾಳಾ ಠಾಕ್ರೆ ಅವರ ನಿಧನದ ಮರುದಿನ ಮುಂಬಯಿ ನಗರ ಸ್ತಬ್ಧವಾದುದನ್ನು ಪ್ರಶ್ನಿಸಿ ಯುವತಿಯೊಬ್ಬಳು ಫೇಸ್‌ಬುಕ್‌ನಲ್ಲಿ ಕೆಲವು ಸಾಲು ಬರೆದಳು, ಅವಳ ಗೆಳತಿ ಅದಕ್ಕೆ ಲೈಕ್ ಒತ್ತಿದಳು, ಇಬ್ಬರನ್ನೂ ಬಂಧಿಸಲಾಯಿತು. ಗೆಳತಿಯ ಮಾತಿಗೆ ತಲೆದೂಗುವುದು ಮನೆಯ ಜಗಲಿಯಲ್ಲಿ ಯಾರ ಲೆಕ್ಕಕ್ಕೂ ಬಾರದ ಸಂಗತಿ. ಅದೇ ತಲೆದೂಗು ಶಾಶ್ವತ ದಾಖಲೆಯಾಗಿ ಠಾಣೆಯ ಮೇಜಿಗೆ ಬಂತು. ಆ ಬಂಧನಗಳ ಹಿನ್ನೆಲೆಯಲ್ಲಿ ಹೂಡಲಾದ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಜಾಲದಲ್ಲಿ ಆಕ್ಷೇಪಾರ್ಹ ಸಂದೇಶ ಕಳಿಸುವುದನ್ನು ಅಪರಾಧವೆಂದಿದ್ದ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ರದ್ದುಪಡಿಸಿತು. ಕಲಂ ಹೋಯಿತು, ಆದರೆ ಲೈಕ್ ಒತ್ತುವ ಮುನ್ನ ಬೆರಳು ತಡೆಯುವ ಭಯ ಹಾಗೆಯೇ ಉಳಿದಿದೆ.

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗವಾಗಿ, ಜಾಲ ಎಲ್ಲರ ಕೈಗೂ ಬಂತು. ಇದರಿಂದ ಆದ ಒಳಿತನ್ನು ಮನಸಾರೆ ಹೇಳಬೇಕು. ಮುಂಬಯಿ ಕನ್ನಡಿಗರ ಮೂರನೆಯ ತಲೆಮಾರಿನ ಅನೇಕರಿಗೆ ಕನ್ನಡ ಲಿಪಿ ಬಾರದು. ಮನೆಯಲ್ಲಿ ತುಳು ಆಡುತ್ತಾರೆ, ಓದುವುದು ಇಂಗ್ಲಿಷ್ ಮತ್ತು ಮರಾಠಿ. ವಾಟ್ಸ್‌ಆ್ಯಪ್‌ನಲ್ಲಿ 2013ರಲ್ಲಿ ಧ್ವನಿ ಸಂದೇಶ ಬಂದಾಗ ಈ ಮಕ್ಕಳಿಗೂ ಊರಿನ ಅಜ್ಜಿಗೂ ನಡುವಿದ್ದ ಲಿಪಿಯ ಅಡ್ಡಿ ಸರಿಯಿತು. ಮೊಮ್ಮಗಳು ಕಾಲೇಜಿನಿಂದ ಮರಳುವಾಗ ರೈಲಿನ ಸದ್ದಿನ ನಡುವೆಯೇ ತುಳುವಿನಲ್ಲಿ ಎರಡು ಮಾತು ಹೇಳಿ ಕಳಿಸುತ್ತಾಳೆ. ಅಜ್ಜಿ ಅದನ್ನು ಮತ್ತೆ ಮತ್ತೆ ಹಾಕಿ ಕೇಳುತ್ತಾರೆ, ಉತ್ತರದಲ್ಲಿ ಅವಳ ಉಚ್ಚಾರವನ್ನೂ ತಿದ್ದುತ್ತಾರೆ. 2016ರಲ್ಲಿ ತುಳು ವಿಕಿಪೀಡಿಯ ಸ್ವತಂತ್ರ ತಾಣವಾಯಿತು, ಕಂಪ್ಯೂಟರು, ಫೋನುಗಳಲ್ಲಿ ಲಿಪಿಗಳಿಗೆ ಸಂಕೇತ ಒದಗಿಸುವ ಯೂನಿಕೋಡ್‌ನ 2024ರ ಸೆಪ್ಟೆಂಬರ್‌ನಲ್ಲಿ ಬಂದ 16ನೆಯ ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿಗೆ ಸ್ಥಾನ ಸಿಕ್ಕಿತು. ಗಲಭೆಯ ದಿನಗಳಲ್ಲಿ ಅಜ್ಜ ಮರೆಸಿಕೊಂಡಿದ್ದ ಭಾಷೆಯನ್ನು ಮೊಮ್ಮಕ್ಕಳು ಇಂದು ತಮ್ಮ ಪ್ರೊಫೈಲಿನಲ್ಲಿ ಹೆಮ್ಮೆಯಿಂದ ಬರೆದುಕೊಳ್ಳುತ್ತಿದ್ದಾರೆ.

ಅದೇ ಮೊಮ್ಮಕ್ಕಳು ಹೆಚ್ಚು ಹೊತ್ತು ಕಳೆಯುವುದು ಇನ್‌ಸ್ಟಾಗ್ರಾಮ್‌ನಲ್ಲಿ. 2010ರಲ್ಲಿ ಫೋಟೊ ಹಂಚಿಕೊಳ್ಳುವ ತಾಣವಾಗಿ ಆರಂಭವಾದ ಇದನ್ನು 2012ರಲ್ಲಿ ಫೇಸ್‌ಬುಕ್ ಕೊಂಡಿತು. 2016ರಿಂದ ಪೋಸ್ಟ್‌ಗಳನ್ನು ಕಾಲಾನುಕ್ರಮದ ಬದಲು ಅಲ್ಗಾರಿದಮ್ ಆರಿಸಿ ತೋರಿಸತೊಡಗಿತು. 2020ರ ಜೂನ್‌ನಲ್ಲಿ ಭಾರತ ಟಿಕ್‌ಟಾಕ್ ನಿಷೇಧಿಸಿದ ಮರು ತಿಂಗಳೇ ಇಲ್ಲಿ ರೀಲ್ಸ್ ಬಂತು. ಫೇಸ್‌ಬುಕ್ ಕಾಲದಲ್ಲಿ ನೋಡುವವರು ಪರಿಚಿತರಾದರೂ ಆಗಿದ್ದರು. ರೀಲ್ಸ್‌ನಲ್ಲಿ ಪ್ರೇಕ್ಷಕ ಯಾರೆಂಬುದೇ ಗೊತ್ತಿಲ್ಲ, ಎಷ್ಟು ಮಂದಿ ಎಂಬುದು ಮಾತ್ರ ಗೊತ್ತು. ಯಾವ ವಿಡಿಯೊ ಎಷ್ಟು ಸೆಕೆಂಡು ನೋಡಿದೆವು ಎಂಬುದರಿಂದ ನಮ್ಮ ಅಭಿರುಚಿಯನ್ನು ಊಹಿಸಿ, ಅದೇ ಬಗೆಯದನ್ನು ಮತ್ತೆ ಬಡಿಸುವ ಯಂತ್ರ, ಕ್ರಮೇಣ ನಮ್ಮ ಅಭಿರುಚಿಯನ್ನೇ ರೂಪಿಸುತ್ತದೆ. ನಾನು ಹೇಗೆ ಕಾಣುತ್ತೇನೆ ಎಂಬ ಪ್ರಶ್ನೆಯ ಜೊತೆಗೆ ನನಗೆ ಏನು ಇಷ್ಟ ಎಂಬ ಪ್ರಶ್ನೆಗೂ ಉತ್ತರ ಹೊರಗಿನಿಂದ ಬರತೊಡಗುವುದು ಇಲ್ಲಿ, ಮತ್ತು ಇಡೀ ಇತಿಹಾಸದಲ್ಲಿ ನನಗೆ ಅತ್ಯಂತ ಕಳವಳಕಾರಿಯಾಗಿ ತೋರುವುದು ಇದೇ. ಕಂಪೆನಿಗೂ ಇದರ ಅರಿವಿತ್ತು. ಫೇಸ್‌ಬುಕ್‌ನ ಮಾಜಿ ಉದ್ಯೋಗಿ ಫ್ರಾನ್ಸಿಸ್ ಹಾಗನ್ 2021ರಲ್ಲಿ ಬಯಲಿಗೆಳೆದ ಆಂತರಿಕ ದಾಖಲೆಗಳ ಪ್ರಕಾರ, ತಮ್ಮ ದೇಹದ ಬಗ್ಗೆ ಬೇಸರವಿದೆ ಎಂದ ಹದಿಹರೆಯದ ಹುಡುಗಿಯರಲ್ಲಿ ಶೇ. 32ರಷ್ಟು ಮಂದಿ, ಇನ್‌ಸ್ಟಾಗ್ರಾಮ್‌ನಿಂದ ಆ ಬೇಸರ ಹೆಚ್ಚಾಯಿತೆಂದು ಕಂಪೆನಿಯ ಸಮೀಕ್ಷೆಯಲ್ಲೇ ಹೇಳಿದ್ದರು.

ಹೊಸ ತಲೆಮಾರು ಇದನ್ನು ಸುಮ್ಮನೆ ಒಪ್ಪಿಕೊಂಡಿಲ್ಲ. ಡೊಂಬಿವಲಿಯ ನನ್ನ ಪರಿಚಯದ ಕಾಲೇಜು ಹುಡುಗಿಗೆ ಇನ್‌ಸ್ಟಾಗ್ರಾಮ್‌ನಲ್ಲಿ ಎರಡು ಖಾತೆಗಳಿವೆ. ಒಂದರಲ್ಲಿ ಪೂರ್ತಿ ಹೆಸರು, ಸೀರೆಯುಟ್ಟ ಫೋಟೊ, ಸಂಘದ ವಾರ್ಷಿಕೋತ್ಸವದ ನೃತ್ಯ ಇದೆ. ಅಲ್ಲಿ ಚಿಕ್ಕಮ್ಮ, ದೊಡ್ಡಪ್ಪ, ಊರಿನ ನೆಂಟರೆಲ್ಲ ಇದ್ದಾರೆ. ಇನ್ನೊಂದರಲ್ಲಿ ಹೆಸರಿಲ್ಲ, ಮುಖದ ಫೋಟೊ ಇಲ್ಲ. ಕೆಲವೇ ಗೆಳತಿಯರಿಗೆ ಮಾತ್ರ ಕಾಣುವ ಅಲ್ಲಿ ಪರೀಕ್ಷೆಯ ಭಯ, ಮನೆಯ ಜಗಳ, ಕಣ್ಣೀರು ಎಲ್ಲವೂ ಇವೆ. ಹಿರಿಯರು ಇದನ್ನು ಕಪಟವೆಂದು ದೂರುವುದುಂಟು. ನನಗೆ ಇದು ಮನಿಆರ್ಡರಿನ ಸಾಲುಗಳಷ್ಟೇ ಸಹಜವಾದ, ಅಷ್ಟೇ ಪ್ರಾಮಾಣಿಕವಾದ ನಡೆ. ಕಿತ್ತುಕೊಂಡ ಚೌಕಿಯನ್ನು ಅವಳು ತಾನೇ ಕಟ್ಟಿಕೊಂಡಿದ್ದಾಳೆ. ವ್ಯತ್ಯಾಸವಿರುವುದು ಇಷ್ಟೆ: ಆ ಎರಡೂ ಖಾತೆಗಳ ಹಿಂದಿರುವುದು ಒಂದೇ ಫೋನು, ಅದನ್ನು ಬಲ್ಲದ್ದು ಒಂದೇ ಕಂಪೆನಿ. ಗೆಳತಿಯರಿಗೆ ಹೇಳಿದ್ದು ನೆಂಟರಿಗೆ ಕಾಣದಿರಬಹುದು, ಕಂಪೆನಿಗೆ ಕಾಣುತ್ತದೆ.

ಕಾನೂನು ಈ ದಿಕ್ಕಿನಲ್ಲಿ ಇಟ್ಟ ದೊಡ್ಡ ಹೆಜ್ಜೆಗೆ ಕನ್ನಡಿಗರೊಬ್ಬರ ಹೆಸರಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಆಧಾರ್ ಪ್ರಶ್ನಿಸಿ 2012ರಲ್ಲಿ ಹೂಡಿದ ದಾವೆಯಲ್ಲಿ, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. 18 ತುಂಬದವರ ದತ್ತಾಂಶ ಬಳಸಲು ಹೆತ್ತವರ ಒಪ್ಪಿಗೆ ಬೇಕು, ಅವರ ನಡವಳಿಕೆಯ ಜಾಡು ಹಿಡಿಯುವಂತಿಲ್ಲ, ಅದರ ಆಧಾರದಲ್ಲಿ ಜಾಹೀರಾತು ತೋರಿಸುವಂತಿಲ್ಲ ಎಂದು ಅದು ಹೇಳುತ್ತದೆ. ಆದರೆ ವ್ಯಕ್ತಿಯೊಬ್ಬ ತಾನಾಗಿ ಸಾರ್ವಜನಿಕಗೊಳಿಸಿದ ಮಾಹಿತಿಗೂ, ಮತ್ತೊಬ್ಬ ವ್ಯಕ್ತಿ ಮನೆವಾರ್ತೆಯ ಉದ್ದೇಶಕ್ಕೆ ಬಳಸುವ ಮಾಹಿತಿಗೂ ಆ ಕಾಯ್ದೆ ಅನ್ವಯಿಸುವುದಿಲ್ಲ. ಚಿಕ್ಕಮ್ಮ ಕುಟುಂಬದ ಗ್ರೂಪಿಗೆ ಹಾಕುವ ಹುಡುಗಿಯ ಫೋಟೊ, ಅವಳನ್ನು ಕೇಳದೆ ವರನ ಕಡೆಯವರಿಗೆ ದಾಟಿಸುವ ಅವಳ ಖಾತೆಯ ಸ್ಕ್ರೀನ್‌ಶಾಟ್ ಇವುಗಳವರೆಗೆ ಅದರ ಕೈ ಚಾಚುವುದು ಕಷ್ಟ. ಅಲ್ಲಿ ತೀರ್ಮಾನಿಸುವವರು ಮನೆಯವರು, ಗ್ರೂಪ್ ಅಡ್ಮಿನ್‌ಗಳು. ವಾರ್ಷಿಕೋತ್ಸವದಲ್ಲಿ ಕುಣಿದ ಮಕ್ಕಳ ಫೋಟೊಗಳನ್ನು ಫೇಸ್‌ಬುಕ್ ಪುಟಕ್ಕೇರಿಸುವ ಮುನ್ನ ಮಕ್ಕಳನ್ನೂ ಹೆತ್ತವರನ್ನೂ ಕೇಳುವ ಪದ್ಧತಿಯನ್ನು ನಮ್ಮ ಸಂಘಗಳ ಪದಾಧಿಕಾರಿಗಳು ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲೇ ಜಾರಿಗೆ ತರಬಹುದು. ಅದಕ್ಕೆ ಯಾವ ಕಾಯ್ದೆಯ ತಿದ್ದುಪಡಿಯೂ ಬೇಕಾಗಿಲ್ಲ.